ಕ್ಯಾಮರಾ ಕಡೆ ನೋಡದ ತಾಯಿ

"ಗುರುಗಳೇ, ಹಂಬಲ ಸಾಯಬೇಕಾದರೆ ಏನು ಮಾಡಬೇಕು?" ಎಂದು ಶಿಷ್ಯ ಕೇಳಿದ.

"ಯಾರ ಹಂಬಲ, ಯಾರ ಮೇಲೆ? ಬಿಡಿಸಿ ಹೇಳು" ಎಂದರು ಗುರು.

"ನಾನು ಮಠಕ್ಕೆ ಬಂದು ನಾಲ್ಕು ವರ್ಷವಾಯಿತು. ಹುಣ್ಣಿಮೆಗೊಮ್ಮೆ ತಾಯಿ ಬರುತ್ತಾರೆ. ಅವರು ಬಂದಾಗಲೆಲ್ಲ ನನ್ನ ಮನಸ್ಸು ಕದಡುತ್ತದೆ. ಹೆಸರು ಹಿಡಿದು ಕರೆಯಬೇಡ, ಎದುರಿಗೆ ಸಿಕ್ಕರೂ ಮುಖ ನೋಡಬೇಡ, ನಿನಗೆ ಮಗನೇ ಇಲ್ಲ ಎಂದುಕೋ ಎಂದು ಅವರಿಗೆ ಹೇಳಿಬಿಟ್ಟೆ. ಅವರು ಹಾಗೆಯೇ ನಡೆದುಕೊಳ್ಳುತ್ತಿದ್ದಾರೆ. ನಾನೂ ತಲೆ ಎತ್ತುವುದಿಲ್ಲ. ಆದರೂ ಹಂಬಲ ಹೋಗಿಲ್ಲ. ಈಗ ಮೊದಲಿಗಿಂತ ಹೆಚ್ಚಾಗಿದೆ. ಇವತ್ತೂ ಬಂದಿದ್ದಾರೆ. ಅವರಿಗೆ ಇನ್ನೂ ಏನು ಹೇಳಲಿ?"

ಗುರು ನಕ್ಕರು. "ಇಷ್ಟು ಹೇಳಿದ್ದು ಸಾಲದು ಅನ್ನು. ಕೂತುಕೋ. ಕಂಬಕ್ಕೆ ಒರಗಬೇಡ, ಒರಗಿದರೆ ನಿನಗೆ ನಿದ್ದೆ ಬರುತ್ತದೆ. ನನ್ನ ಎದುರಿಗೆ ಕೂತುಕೋ."

ಶಿಷ್ಯ ಎದುರಿಗೆ ಕೂತ. ಗುರು ಹೇಳತೊಡಗಿದರು.

ಒಬ್ಬ ಕಲಾವಿದೆ ಇದ್ದಳು. ಕುಂಚ ಹಿಡಿಯುವವಳಲ್ಲ, ಕ್ಯಾಮರಾ ಹಿಡಿಯುವವಳು. ಕತ್ತಲೆ ಕೋಣೆಯ ಗೋಡೆಯ ಮೇಲೆ ವಿಡಿಯೊ ಓಡಿಸುವುದು, ಅದರ ಮುಂದೆ ನಾಲ್ಕು ಸಾಮಾನು ಜೋಡಿಸುವುದು, ನೋಡಲು ಬಂದವರು ಅವುಗಳ ನಡುವೆ ಓಡಾಡುವುದು, ಇದು ಅವಳ ಕಲೆ. ಸಾಮಾನು ಜೋಡಿಸುವುದಕ್ಕೆ ಪ್ರತಿಷ್ಠಾಪನೆ ಎನ್ನುತ್ತಾರಂತೆ. ನಾವು ದೇವರನ್ನು ಪ್ರತಿಷ್ಠಾಪಿಸಿ ಗುಡಿಗೆ ಬೀಗ ಹಾಕುತ್ತೇವೆ. ಅವರು ಒಲೆ, ಕೊಡ, ಹರಿದ ಚಪ್ಪಲಿ, ಏನು ಸಿಕ್ಕಿದರೂ ಪ್ರತಿಷ್ಠಾಪಿಸಿ ಬಾಗಿಲು ತೆರೆದಿಡುತ್ತಾರೆ. ಯಾರದು ಸರಿ ಎಂದು ನನ್ನನ್ನು ಕೇಳಬೇಡ.

ಅವಳ ತಾಯಿ ರೊಟ್ಟಿ ತಟ್ಟುವವಳು. ಊರಿನ ಖಾನಾವಳಿಗಳಿಗೆಲ್ಲ ರೊಟ್ಟಿ ಮಾಡಿ ಕೊಡುವ ಒಂದು ಮನೆ. ಅಲ್ಲಿ ಎಂಟು ಒಲೆ, ಎಂಟು ಮಂದಿ ಹೆಂಗಸರು. ಮೂರನೆಯ ಒಲೆ ಇವಳದು. ಗಂಡ ಇರಲಿಲ್ಲ. ಆ ರೊಟ್ಟಿಯಲ್ಲೇ ಮಗಳನ್ನು ಓದಿಸಿದಳು. ಮಗಳು ಕಲಾಶಾಲೆಗೆ ಸೇರಿದಳು, ದೊಡ್ಡ ನಗರಕ್ಕೆ ಹೋದಳು, ಹೆಸರು ಮಾಡಿದಳು. ಒಂದು ದಿನ ಕ್ಯಾಮರಾ ತಂದು ತಾಯಿಯ ಒಲೆಯ ಮುಂದೆ ಕೂತಳು.

ಈ ಕೆಲಸದವರಲ್ಲಿ ಒಂದು ನೇಮವಿದೆ. ಚಿತ್ರದಲ್ಲಿರುವವರು ಕ್ಯಾಮರಾ ಕಡೆ ನೋಡಬಾರದು. ನೋಡಿದರೆ ಸಹಜವಾಗಿ ಬರುವುದಿಲ್ಲ, ಅಷ್ಟು ಭಾಗ ಹಾಳು. ತಾಯಿಗೆ ಇದು ಗೊತ್ತಿರಲಿಲ್ಲ. ಒಂದು ರೊಟ್ಟಿ ಹಂಚಿಗೆ ಹಾಕುವುದು, ಕತ್ತೆತ್ತಿ ಮಗಳನ್ನು ನೋಡಿ ನಗುವುದು. ಇನ್ನೊಂದು ಹಾಕುವುದು, ಮತ್ತೆ ನೋಡುವುದು. ಐದು ತಿಂಗಳ ಮೇಲೆ ಬಂದ ಮಗಳು. ನೋಡದೆ ಇನ್ನೇನು ಮಾಡುತ್ತಾಳೆ?

ಮಗಳಿಗೆ ಸಿಟ್ಟು ಬಂತು. "ಅವ್ವಾ, ಈ ಕಡೆ ನೋಡಬ್ಯಾಡ ಅಂತ ಎಷ್ಟು ಸಲ ಹೇಳಬೇಕು? ನಾ ಇಲ್ಲಿ ಇಲ್ಲಂತ ತಿಳ್ಕೊ" ಎಂದಳು.

"ಕಣ್ಣ ಮುಂದ ಕುಂತಾಕಿನ್ನ ಇಲ್ಲಂತ ಹೆಂಗ ತಿಳ್ಕೋಬೇಕವ್ವಾ?" ಎಂದಳು ತಾಯಿ.

ಆದರೂ ಕಲಿತಳು. ಮಗಳ ಕೆಲಸ ಕೆಡಬಾರದಲ್ಲ. ಕ್ಯಾಮರಾದಲ್ಲಿ ಒಂದು ಕೆಂಪು ದೀಪವಿತ್ತು. ಅದು ಹೊತ್ತಿದರೆ ಚಿತ್ರ ಓಡುತ್ತಿದೆ ಎಂದು ತಾಯಿ ಗುರುತು ಮಾಡಿಕೊಂಡಳು. ದೀಪ ಹೊತ್ತಿದಾಗ ತಲೆ ಬಗ್ಗಿಸುವಳು. ದೀಪ ಆರಿದ ಕೂಡಲೇ ಕಣ್ತುಂಬ ಮಗಳನ್ನು ನೋಡುವಳು. ಆದರೆ ದೀಪ ಹೊತ್ತಿದಾಗ ಅವಳ ಕೈ ಬಿಗಿಯಾಗುತ್ತಿತ್ತು, ರೊಟ್ಟಿ ತಟ್ಟುವ ಓಟ ತಪ್ಪುತ್ತಿತ್ತು. ಮಗಳಿಗೆ ಅದೂ ಹಿಡಿಸಲಿಲ್ಲ. ಕೆಂಪು ದೀಪದ ಮೇಲೆ ಒಂದು ತುಂಡು ಕರಿ ಟೇಪು ಅಂಟಿಸಿದಳು. ಅವಳ ಕಸುಬಿನವರು ಎಲ್ಲರೂ ಮಾಡುವ ಉಪಾಯವೇ ಅದು.

ಅಲ್ಲಿಂದ ಮುಂದೆ ಚಿತ್ರ ಯಾವಾಗ ಓಡುತ್ತಿದೆ, ಯಾವಾಗ ನಿಂತಿದೆ ಎಂದು ತಾಯಿಗೆ ತಿಳಿಯಲಿಲ್ಲ. ತಿಳಿಯದ್ದರಿಂದ ಯಾವಾಗಲೂ ಓಡುತ್ತಿದೆ ಎಂದೇ ಇಟ್ಟುಕೊಂಡಳು. ಕ್ಯಾಮರಾ ಮೂಲೆಯಲ್ಲಿ ಸುಮ್ಮನೆ ಬಿದ್ದಿದ್ದರೂ ತಲೆ ಎತ್ತಲಿಲ್ಲ. "ಉಂಡ್ಯೇನವ್ವಾ?" ಎಂದು ಕೇಳಿದರೂ ಹಿಟ್ಟಿನ ಕಡೆ ನೋಡುತ್ತಲೇ ಕೇಳುವಳು. ಮಗಳು ಊರಿಗೆ ಬಂದಾಗಲೆಲ್ಲ, ಎರಡು ವರ್ಷ ಹೀಗೆ ನಡೆಯಿತು. ಮಗಳಿಗೆ ಬಹಳ ಸಂತೋಷವಾಯಿತು. ಮೊದಲು ತೆಗೆದಿದ್ದರಲ್ಲಿ ತಾಯಿ ಇತ್ತ ನೋಡಿದ ಭಾಗವನ್ನೆಲ್ಲ ಅಳಿಸಿ ಹಾಕಿದಳು. ಹೊಸದನ್ನು ತುಂಬಲು ಜಾಗ ಬೇಕಿತ್ತು.

ಆಮೇಲೆ ತಾಯಿ ತೀರಿಕೊಂಡಳು. ಐದು ದಿನದ ಜ್ವರ, ಅಷ್ಟೇ. ಮಗಳು ಬಂದು ಮುಟ್ಟುವಷ್ಟರಲ್ಲಿ ಯಾರೋ ಕಣ್ಣು ಮುಚ್ಚಿಸಿದ್ದರು.

ವರ್ಷ ಕಳೆದ ಮೇಲೆ ನಗರದ ಗ್ಯಾಲರಿಯಲ್ಲಿ ಪ್ರದರ್ಶನವಾಯಿತು. ಮೂರು ಕೋಣೆ. ಮೊದಲನೆಯದರಲ್ಲಿ ಬೂದಿ ತುಂಬಿದ ಎಂಟು ಒಲೆ. ಎರಡನೆಯದರಲ್ಲಿ ಬರಿ ಕತ್ತಲೆ ಮತ್ತು ರೊಟ್ಟಿ ತಟ್ಟುವ ಸದ್ದು. ಮೂರನೆಯದರಲ್ಲಿ ಗೋಡೆಯಗಲ ತಾಯಿ. ತಲೆ ಬಗ್ಗಿಸಿ ತಟ್ಟುತ್ತಾಳೆ, ಹಂಚಿಗೆ ಹಾಕುತ್ತಾಳೆ, ಒದ್ದೆ ಬಟ್ಟೆಯಿಂದ ನೀರು ಸವರುತ್ತಾಳೆ, ತಿರುವಿ ಹಾಕುತ್ತಾಳೆ. ಮುಗಿದರೆ ಮತ್ತೆ ಮೊದಲಿನಿಂದ. ಜನ ಸಾಲುಗಟ್ಟಿ ಬಂದರು. "ಎಷ್ಟು ಸಹಜವಾಗಿದೆ! ಎದುರಿಗೆ ಒಬ್ಬರು ಕೂತಿದ್ದಾರೆ ಎಂಬ ಅರಿವೇ ಆ ತಾಯಿಗೆ ಇಲ್ಲ" ಎಂದು ಹೊಗಳಿದರು. ಪತ್ರಿಕೆಯವರೂ ಅದನ್ನೇ ಬರೆದರು. ಕಲಾವಿದೆ ಆ ಹೊಗಳಿಕೆಯನ್ನು ಪೂರ್ತಿ ಓದಲಾರದೆ ಪತ್ರಿಕೆ ಮಡಿಸಿಟ್ಟಳು.

ಅವಳಿಗೆ ಈಗ ಬೇಕಾದದ್ದು ಒಂದೇ. ತಾಯಿ ಒಂದು ಸಲ ತನ್ನನ್ನು ನೋಡಬೇಕು. ಪ್ರದರ್ಶನವೂ ಬೇಡ, ಹೆಸರೂ ಬೇಡ, ಒಂದೇ ಒಂದು ನೋಟ ಸಾಕು. ತನ್ನಲ್ಲಿ ಉಳಿದಿದ್ದ ಚಿತ್ರವನ್ನೆಲ್ಲ ಮೊದಲಿನಿಂದ ಹಾಕಿ ನೋಡಿದಳು. ನೂರಾ ನಲವತ್ತು ತಾಸಿನ ಚಿತ್ರ. ಕೈ ಇತ್ತು, ಬಳೆ ಇತ್ತು, ಹಣೆ ಇತ್ತು, ಬಾಗಿದ ರೆಪ್ಪೆ ಇತ್ತು. ಒಂದು ಕಡೆ ಮಾತ್ರ ತಾಯಿಯ ಕತ್ತು ಸ್ವಲ್ಪ ಮೇಲೆ ಬರುತ್ತಿತ್ತು. ಅಲ್ಲಿಗೆ ಸರಿಯಾಗಿ ತಾನೇ ಚಿತ್ರವನ್ನು ಕತ್ತರಿಸಿದ್ದಳು.

ಆಮೇಲೆ ಅವಳು ಮಾಡಿದ್ದನ್ನು ಕೇಳಿದರೆ ನಿನಗೆ ನಗು ಬರಬಹುದು. ಗ್ಯಾಲರಿಗೆ ಹೋಗಿ ಮೂರನೆಯ ಕೋಣೆಯ ಗೋಡೆಯ ಬುಡದಲ್ಲಿ ಅಂಗಾತ ಮಲಗಿದಳು. ತಾಯಿಯ ಕಣ್ಣು ಕೆಳಗೆ ನೋಡುತ್ತದಲ್ಲ, ಅಲ್ಲಿ ಮಲಗಿದರೆ ತನ್ನ ಮೇಲೆ ಬೀಳಬಹುದು ಎಂದು. ತಲೆಯನ್ನು ಅತ್ತ ಸರಿಸಿದಳು, ಇತ್ತ ಸರಿಸಿದಳು. ನೋಡಲು ಬಂದವರು ಇದೂ ಕಲೆಯ ಒಂದು ಭಾಗ ಎಂದುಕೊಂಡು ಕಾಲು ತಾಗದಂತೆ ಬಳಸಿ ಹೋದರು. ಒಬ್ಬರು ಫೋಟೊ ತೆಗೆದರು. ತಾಯಿ ರೊಟ್ಟಿ ನೋಡುತ್ತಲೇ ಇದ್ದಳು.

ಒಂದು ದಿನ ಪಕ್ಕದ ಒಲೆಯಲ್ಲಿ ರೊಟ್ಟಿ ತಟ್ಟುತ್ತಿದ್ದ ಹೆಂಗಸು ಬಂದಳು. ಯಾವುದೋ ಮದುವೆಗೆಂದು ನಗರಕ್ಕೆ ಬಂದವಳು, ಕೇಳಿಕೊಂಡು ಹುಡುಕಿಕೊಂಡು ಬಂದಿದ್ದಳು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದವಳು ಅವಳೊಬ್ಬಳೇ. ಗೋಡೆಯ ಮೇಲಿನ ಗೆಳತಿಯನ್ನು ಬಹಳ ಹೊತ್ತು ನೋಡಿದಳು. ಕಲಾವಿದೆ ಅವಳ ಕೈ ಹಿಡಿದುಕೊಂಡು, "ಚಿಗವ್ವಾ, ಅವ್ವ ಒಮ್ಮಿನೂ ನನ್ನ ನೋಡಲಿಲ್ಲ" ಎಂದು ಅತ್ತಳು.

"ಯಾರ್ ಹೇಳಿದ್ರು?" ಎಂದಳು ಆ ಹೆಂಗಸು. "ನೀ ಎದ್ದು ಹೊರಗ ಹೊಂಟ್ಯಂದ್ರ ಕತ್ತೆತ್ತತಿದ್ಲು. ನೀ ಓಣಿ ತಿರುವು ದಾಟೂತನಕ ನಿನ್ನ ಬೆನ್ನ ನೋಡ್ಕೋತ ಕುಂದರತಿದ್ಲು. ಈಗ ಆಕಿ ಇಲ್ಲಲ್ಲ, ಈಗ ನೋಡಿದ್ರ ನಡೀತೈತಿ ಅಂತಿದ್ಲು. ದಿನಾ ಒಂದು ರೊಟ್ಟಿ ಹೊತ್ತತಿತ್ತು."

"ಅವಾಗ ಅವ್ವನ ಮಾರಿ ಹೆಂಗಿರತಿತ್ತು?"

"ಅದು ನನಗ ಗೊತ್ತಿಲ್ಲವ್ವಾ. ರೊಟ್ಟಿ ಹೊತ್ತತಿತ್ತಲ್ಲ, ನಾ ಅದನ್ನ ತಗೀತಿದ್ದೆ."

ಪ್ರದರ್ಶನ ಮುಗಿಯಲು ಇನ್ನೂ ಆರು ದಿನ ಇತ್ತು. ಆರು ದಿನವೂ ಕಲಾವಿದೆ ಮೂರನೆಯ ಕೋಣೆಗೆ ಹೋದಳು. ಮಲಗಲಿಲ್ಲ. ತಾಯಿಗೆ ಬೆನ್ನು ಮಾಡಿ ನಿಂತಳು. ಆಮೇಲೆ ಮೆಲ್ಲಗೆ, ಒಂದೊಂದೇ ಹೆಜ್ಜೆ ಇಡುತ್ತ ಬಾಗಿಲ ತನಕ ನಡೆದಳು. ತಿರುಗಿ ನೋಡಬೇಕೆಂದು ಜೀವ ಎಳೆಯುತ್ತಿತ್ತು. ತಿರುಗಲಿಲ್ಲ. ತಿರುಗಿದರೆ ಏನು ಕಾಣುತ್ತದೆ ಎಂದು ಅವಳಿಗೆ ಗೊತ್ತಿತ್ತು. ಏಳನೆಯ ದಿನ ಗೋಡೆಗೆ ಸುಣ್ಣ ಹೊಡೆದು ಇನ್ನೊಬ್ಬರ ಪ್ರದರ್ಶನಕ್ಕೆ ಕೊಟ್ಟರು.

ಗುರು ಇಲ್ಲಿಗೆ ನಿಲ್ಲಿಸಿದರು. ಮುಂದೆ ಏನಾದರೂ ಇದೆಯೇನೋ ಎಂದು ಶಿಷ್ಯ ಕಾದ. ಅವನ ಕಣ್ಣು ಒದ್ದೆಯಾಗಿತ್ತು. ಗುರು ಅವನ ಕಡೆ ನೋಡುತ್ತಿರಲಿಲ್ಲ. ಅವನ ಹೆಗಲಿನಾಚೆ ಎಲ್ಲೋ ನೋಡುತ್ತಿದ್ದರು.

"ಆ ಕಲಾವಿದೆಯ ಗತಿ ಯಾರಿಗೂ ಬೇಡ ಗುರುಗಳೇ" ಎಂದ ಶಿಷ್ಯ.

"ನೀನು ಬಂದು ಕೂತಾಗಿನಿಂದ ನಿನ್ನ ತಾಯಿ ಆ ಬಾಗಿಲಲ್ಲಿ ನಿಂತು ನಿನ್ನ ಬೆನ್ನನ್ನೇ ನೋಡುತ್ತಿದ್ದಾರೆ" ಎಂದರು ಗುರು.