ಉಪ್ಪು ಒಲ್ಲದ ರಾಕ್ಷಸ

“ಗುರುಗಳೇ, ನನ್ನ ಗೆಳೆಯ ಒಳ್ಳೆಯವನೇ. ಆದರೂ ದೀಪ ಮುಟ್ಟಿಸಿ, ಕೇಡು ಬಗೆಯುವುದಿಲ್ಲವೆಂದು ಅವನಿಂದ ಒಂದು ಆಣೆ ಹಾಕಿಸಿಕೊಂಡರೆ ನನಗೆ ನೆಮ್ಮದಿ. ಅದು ತಪ್ಪೇ?” ಎಂದು ಶಿಷ್ಯ ಕೇಳಿದ.

“ಕುಳಿತುಕೋ,” ಎಂದರು ಗುರುಗಳು. “ಒಬ್ಬ ರಾಕ್ಷಸನ ಕತೆ ಹೇಳುತ್ತೇನೆ. ಮಕ್ಕಳಿಗೆ ಹೇಳುವ ಕತೆಯೇ. ನಗು ಬಂದರೆ ನಗು, ಅಡ್ಡಿಯಿಲ್ಲ.”

ಒಂದೂರಿಗೆ ಒಬ್ಬ ರಾಕ್ಷಸ ಬಂದ. ಬೆನ್ನ ಮೇಲೆ ಗುಡ್ಡದಂಥ ಡುಬ್ಬ, ಮೊರದಗಲ ಕಿವಿ, ಸೊಂಟಕ್ಕೆ ಸುತ್ತಿಕೊಂಡ ಬಾಲ. ಬಾಯಲ್ಲಿದ್ದದ್ದು ಏಳೇ ಹಲ್ಲು; ಆದರೆ ಒಂದೊಂದೂ ಒನಕೆಯಷ್ಟು ದಪ್ಪ. ದೊಡ್ಡವರು ಬಾಗಿಲು ಹಾಕಿಕೊಂಡರು. ಮಕ್ಕಳು ಹಿತ್ತಿಲಿನಿಂದ ನುಸುಳಿ ಬಂದು ಅವನ ಡುಬ್ಬ ಹತ್ತಿ ಜಾರಿದರು. ಸಂಜೆಯೊಳಗೆ ಅವನಿಗೆ ಡುಬ್ಬಣ್ಣ ಎಂದು ಹೆಸರೂ ಬಿತ್ತು.

ಊರಿನವರು ಧೈರ್ಯ ಮಾಡಿ ಒಂದು ಹಂಡೆ ಅಂಬಲಿ ತಂದಿಟ್ಟರು. ಅವನು ಕೈಮುಗಿದು, “ಉಪ್ಪು ಮಾತ್ರ ಹಾಕಬೇಡಿ. ನಮ್ಮ ಕುಲದವರು ಯಾರ ಮನೆಯ ಉಪ್ಪು ತಿಂದರೂ ಆ ಮನೆಗೆ ಆಳಾಗಿಬಿಡುತ್ತಾರೆ. ಆಮೇಲೆ ಹೇಳಿದ್ದನ್ನು ಮಾಡಬೇಕು, ಹೇಳದ್ದನ್ನು ಮಾಡುವಂತಿಲ್ಲ,” ಎಂದ.

ಆ ಮಾತು ಒಬ್ಬ ಅಜ್ಜಿಯ ಕಿವಿಯಲ್ಲೇ ಉಳಿಯಿತು. ಅವಳಿಗೆ ಇದ್ದವಳು ಒಬ್ಬಳೇ ಮೊಮ್ಮಗಳು. ಮಗಳು ತೀರಿಕೊಂಡ ಮೇಲೆ ಎದೆಗವಚಿಕೊಂಡು ಸಾಕಿದ ಕೂಸು. ಆ ಕೂಸೋ, ದಿನವಿಡೀ ರಾಕ್ಷಸನ ಬಾಲಕ್ಕೆ ಜೋತುಬಿದ್ದು ಜೋಕಾಲಿ ಆಡುತ್ತಿತ್ತು.

ಆಳಾಗಲು ಒಲ್ಲೆ ಎನ್ನುತ್ತಾನಲ್ಲ, ಯಾವ ಕೆಲಸಕ್ಕೆ ಕೈ ಬಿಡುವಾಗಿ ಇಟ್ಟುಕೊಂಡಿದ್ದಾನೆ? ಅಜ್ಜಿಗೆ ಇದೇ ಯೋಚನೆ. ಅವನು ಬೇಲದ ಹಣ್ಣು ಒಡೆದು ಮಕ್ಕಳಿಗೆ ಹಂಚಿದರೆ, ಕೊಬ್ಬಿಸುತ್ತಿದ್ದಾನೆ ಎಂದುಕೊಂಡಳು. ತಾನು ತಿನ್ನದೆ ಕುಳಿತರೆ, ಹೊಟ್ಟೆಯಲ್ಲಿ ಜಾಗ ಮಾಡಿಕೊಳ್ಳುತ್ತಿದ್ದಾನೆ ಎಂದುಕೊಂಡಳು. ಅವನು ನಕ್ಕರೆ ಹಲ್ಲು ನೋಡಿ ನಡುಗಿದಳು. ನಗದಿದ್ದರೆ ಬಾಯಲ್ಲಿ ಏನು ಮುಚ್ಚಿಟ್ಟಿದ್ದಾನೋ ಎಂದಳು. ಸಂಜೆ ಮೊಮ್ಮಗಳು ಮನೆಗೆ ಬಂದರೆ ಮೊದಲು ಕೈಬೆರಳು, ಕಾಲ್ಬೆರಳು ಎಣಿಸುವಳು. ಇಪ್ಪತ್ತೂ ಇರುತ್ತಿದ್ದವು. ಅದರಿಂದ ಅವಳ ಅನುಮಾನ ಇನ್ನಷ್ಟು ಬಲಿಯಿತು. ಇಷ್ಟು ದಿನ ತಾಳಿಕೊಂಡಿದ್ದಾನೆಂದರೆ ಒಳಗೊಳಗೇ ಏನೋ ದೊಡ್ಡದನ್ನೇ ಹೂಡಿರಬೇಕು.

ಅಂಬಲಿ ಕೊಡುವ ಸರದಿ ತನ್ನ ಮನೆಗೆ ಬಂದ ದಿನ ಅವಳು ಹಂಡೆಯಲ್ಲಿ ಒಂದು ಹಿಡಿ ಕಲ್ಲುಪ್ಪು ಕರಗಿಸಿದಳು. ರಾಕ್ಷಸ ಒಂದೇ ಗುಟುಕಿಗೆ ಕುಡಿದ. ಹಂಡೆಯನ್ನು ಮೆಲ್ಲಗೆ ಕೆಳಗಿಟ್ಟ.

“ಉಪ್ಪು ಬಿದ್ದಿದೆ, ತಾಯಿ.”

“ಕೈತಪ್ಪಿ ಬಿತ್ತಪ್ಪ. ವಯಸ್ಸಾಯಿತು ನೋಡು.”

“ಹೇಗೆ ಬಿದ್ದರೂ ಇನ್ನು ನಾನು ನಿಮ್ಮ ಆಳು. ಏನಪ್ಪಣೆ?”

“ಈ ಊರಿನ ಯಾವ ಮಗುವನ್ನೂ ತಿನ್ನಕೂಡದು.”

“ಆಗಲಿ,” ಎಂದು ಅವನು ಅವಳ ಬಾಗಿಲಲ್ಲಿ ಕುಳಿತ. ಮಕ್ಕಳು ಬಂದು ಕರೆದರು, ಏಳಲಿಲ್ಲ. ಮೊಮ್ಮಗಳು ಬಾಲ ಹಿಡಿದು ಎಳೆದಳು. ಬಾಲ ಸೊಂಟ ಬಿಟ್ಟು ಬರಲಿಲ್ಲ. ಅಜ್ಜಿ ಬಹಳ ದಿನಗಳ ಮೇಲೆ ನಿಶ್ಚಿಂತೆಯಿಂದ ಉಂಡಳು. ಮೊಮ್ಮಗಳು ತಟ್ಟೆ ಮುಟ್ಟಲಿಲ್ಲ. ಮರುದಿನವೂ ಮುಟ್ಟಲಿಲ್ಲ. ಮೂರನೆಯ ದಿನ ಅಜ್ಜಿಯೇ ಸೋತು, “ಹೋಗಪ್ಪ, ಮಕ್ಕಳ ಜೊತೆ ಒಂದಿಷ್ಟು ಆಡು,” ಎಂದಳು.

“ಅಪ್ಪಣೆಯೇ, ತಾಯಿ?”

“ಅಪ್ಪಣೆ ಅಂತಲೇ ಇಟ್ಟುಕೋ.”

ಅವನು ಎದ್ದು ಹೋದ. ಸ್ವಲ್ಪ ಹೊತ್ತಿಗೆಲ್ಲ ಮೊಮ್ಮಗಳು ಒಬ್ಬಳೇ ಹಿಂದಿರುಗಿದಳು.

“ಯಾಕೆ ಕೂಸೇ, ಅವನು ಆಡಲಿಲ್ಲವೇ?”

“ಆಡಿದ ಅಜ್ಜಿ. ಕೂಲಿಗೆ ಕಟ್ಟಿಗೆ ಒಡೆಯುವವರು ಒಡೆಯುತ್ತಾರಲ್ಲ, ಹಾಗೆ ಆಡಿದ.”

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಆದರೂ ಗುರುಗಳೇ, ಉಪ್ಪು ಕೆಲಸ ಮಾಡಿತಲ್ಲವೇ? ಅವನು ಯಾವ ಮಗುವನ್ನೂ ತಿನ್ನಲಿಲ್ಲವಲ್ಲ,” ಎಂದ.

“ಉಪ್ಪಿಗೆ ಮೊದಲೂ ತಿಂದಿರಲಿಲ್ಲ,” ಎಂದರು ಗುರುಗಳು.