ಬೇವಿನೆಲೆಯ ಅಂಚಿನಲ್ಲಿ ಉಳಿದ ಗರಗಸದ ಹಲ್ಲು

ಭೂಮಿಯ ಮಣ್ಣು ಇನ್ನೂ ಹಸಿಯಾಗಿದ್ದಾಗ ಮರಗಳಿಗೆ ಕೊಂಬೆಗಳಿದ್ದವು, ಎಲೆಗಳಿರಲಿಲ್ಲ. ಹಸಿರು ಹಾಳೆಗಳನ್ನು ಕೊಯ್ದು ಎಲೆ ಮಾಡಬೇಕಿತ್ತು. ಅಷ್ಟೂ ಕೆಲಸ ಒಬ್ಬಳದೇ. ಮರ ಕೊರೆಯುವ ಕರಿದುಂಬಿಯದು.

ಬಾಗಿದ ಕಡ್ಡಿಗೆ ಅಂಚಿನಲ್ಲಿ ಹಲ್ಲಿರುವ ಒಂದು ಗರಿ ಬಿಗಿದರೆ ಅವಳ ಗರಗಸ ಸಿದ್ಧ. ದಪ್ಪ ಹಾಳೆಗೆ ಕೇದಗೆಯ ಗರಿ, ಅದರ ಹಲ್ಲು ಒರಟು. ತೆಳು ಹಾಳೆಗೆ ಹುಲ್ಲಿನ ಗರಿ, ಅದರ ಹಲ್ಲು ಕಣ್ಣಿಗೂ ಕಾಣದಷ್ಟು ಸಣ್ಣ.

"ಹಾಳೆಯ ದಪ್ಪದೊಳಗೆ ಮೂರು ಹಲ್ಲಾದರೂ ಕೂರಬೇಕು. ಇಲ್ಲದಿದ್ದರೆ ಗರಗಸ ಕೊಯ್ಯಲ್ಲ, ಹರಿಯುತ್ತೆ," ಎನ್ನುತ್ತಿದ್ದಳು ದುಂಬಿ.

ಅರಳಿಗೆ ಹುಲ್ಲಿನ ಗರಿ ಕಟ್ಟಿದಳು. ಮೆಲ್ಲಗೆ ತಿರುಗಿಸಿ, ಎಲೆಯ ತುದಿಗೊಂದು ಬಾಲ ಬಿಟ್ಟಳು. ಅಂಚು ನುಣುಪು. ಆಲಕ್ಕೆ ಕೇದಗೆ ಗರಿ ಕಟ್ಟಿದಳು. ಅಂಚು ನುಣುಪು. ಕೊಯ್ದಳು, ಕೊಯ್ದಳು. ರೆಕ್ಕೆ ಸೋತವು. ಕೊನೆಗೆ ಉಳಿದದ್ದು ಬೇವು.

ಆಗ ಮೇಸ್ತ್ರಿ ಗಾಳಿ ಬಂದ. ಅವನು ಒಂದೆಲೆಯನ್ನೂ ಕೊಯ್ದವನಲ್ಲ. ಕೊಯ್ಯುವವರ ಬೆನ್ನ ಹಿಂದೆ ಓಡಾಡುವುದೇ ಅವನ ಕೆಲಸ.

"ಏನ್ ದುಂಬಕ್ಕ, ನಿದ್ದೆನಾ? ಮಧ್ಯಾಹ್ನ ಸೂರ್ಯ ಮೊದಲ ಬೇಸಿಗೆ ತರ್ತಾನೆ. ಎಲೆಯಿಲ್ಲದ ಮರ ಸುಟ್ಟು ಬೂದಿ."

"ಬೇವಿನ ಹಾಳೆ ತೆಳು. ಹುಲ್ಲಿನ ಗರಿ ಅರಳಿಯಲ್ಲೇ ಸವೆದುಹೋಯ್ತು. ಹೊಳೆಯಾಚೆಯಿಂದ ಹೊಸದು ತಂದುಕೊಡು ಅಂತ ಬೆಳಗ್ಗೆಯೇ ಕೇಳಿದ್ದೆ. ನೀನು ತರಲಿಲ್ಲ."

"ಕಟ್ಟಿರೋ ಗರೀಲೇ ಕೊಯ್ಯಿ! ಹಲ್ಲು ಎಣಿಸೋಕೆ ನೀನೇನು ಎತ್ತು ಕೊಳ್ಳೋಕೆ ಬಂದಿದ್ದೀಯಾ?"

ಜಗಳಕ್ಕೂ ಶಕ್ತಿ ಬೇಕು. ಅವಳಲ್ಲಿ ಅದಿರಲಿಲ್ಲ. ಕೇದಗೆ ಗರಿಯನ್ನೇ ಹಾಳೆಗಿಟ್ಟು ಎಳೆದಳು. ಗರಿ ಸಿಕ್ಕಿಕೊಂಡಿತು. ಗೆರೆ ಬಿಟ್ಟು ಪಕ್ಕಕ್ಕೆ ಓಡಿತು. ಎಲೆಯ ಒಂದು ಮಗ್ಗುಲು ಅಗಲ, ಇನ್ನೊಂದು ಮಗ್ಗುಲು ಕಿರಿದು. ಅಂಚೆಲ್ಲ ಹರಿದು ಹಲ್ಲುಹಲ್ಲಾಯಿತು.

ದುಂಬಿ ಗರಗಸ ಕೆಳಗಿಟ್ಟಳು. "ಇಂಥ ಕೆಲಸ ನಾನು ಯಾವತ್ತೂ ಮಾಡಿಲ್ಲ ಬೇವೇ. ಹೊಳೆಯಾಚೆ ಹೋಗಿ ಹುಲ್ಲು ತರಲಾ?"

ಬೇವು ಆಕಾಶ ನೋಡಿತು. ಸೂರ್ಯ ನೆತ್ತಿಗೆ ಹತ್ತಿರವಾಗಿದ್ದ.

"ನೀನು ಬರೋದ್ರೊಳಗೆ ನಾನಿರಲ್ಲ ಅಕ್ಕ. ನನ್ನ ಬುಡದಲ್ಲಿ ಇರುವೆಗಳು ಮೊಟ್ಟೆ ಇಟ್ಟಿವೆ, ಅವೂ ಇರಲ್ಲ. ಮೊದಲು ನೆರಳು ಆಗಲಿ. ಕೊಯ್ಯಿ."

ದುಂಬಿ ಕೊಯ್ದಳು. ಒಂದೊಂದು ಎಲೆಯೂ ಬಾಗಿತು, ಒಂದೊಂದು ಎಲೆಯೂ ಹರಿಯಿತು. ಅವಳು ನಿಲ್ಲಿಸಲಿಲ್ಲ. ಬಿಸಿಲು ಬಿದ್ದಾಗ ಬೇವಿನ ಬುಡದಲ್ಲಿ ನೆರಳಿತ್ತು.

ಸಂಜೆ ಗಾಳಿ ಬಂದು ಎಲೆಗಳನ್ನು ತಿರುವಿ ನೋಡಿದ.

"ಥೂ! ಇದೇನು ಅಂಚು? ಸೂರ್ಯ ಕೇಳಿದರೆ ದುಂಬಿಗೆ ಕೆಲಸ ಬರಲ್ಲ ಅಂತೀನಿ. ಏಳೇ, ಎಲ್ಲ ಉಜ್ಜಿ ನುಣುಪು ಮಾಡು!"

ದುಂಬಿ ಏಳಲಿಲ್ಲ. ಬೇವಿನ ಒಣಕೊಂಬೆಯ ತೂತಿನೊಳಗೆ ನಿದ್ದೆ ಹೋಗಿದ್ದಳು. ಉತ್ತರ ಕೊಟ್ಟದ್ದು ಬೇವು.

"ಅವಳನ್ನ ಎಬ್ಬಿಸಬೇಡ. ನನ್ನ ಅಂಚನ್ನೂ ಮುಟ್ಟಬೇಡ. ಉಜ್ಜಿಬಿಟ್ಟರೆ ತಪ್ಪು ಯಾರದು ಅಂತ ಯಾರಿಗೂ ತಿಳಿಯಲ್ಲ. ನೀನು ಯಾವ ಗರೀಲಿ ಕೊಯ್ಯಿಸಿದೆ ಅಂತ ಎಲ್ಲರೂ ನೋಡಲಿ."

ಅದಕ್ಕೇ ಮಗು, ಬೇವಿನೆಲೆ ಇವತ್ತಿಗೂ ಒಂದು ಪಕ್ಕಕ್ಕೆ ಬಾಗಿದೆ, ಅದರ ಅಂಚಿನ ಮೇಲೆ ಬೆರಳು ಸವರಿದರೆ ಆ ಒರಟು ಗರಗಸದ ಹಲ್ಲು ಒಂದೊಂದಾಗಿ ಕೈಗೆ ತಾಗುತ್ತವೆ.