ಅಂಬಿಗನ ಮೊದಲ ವಾಕ್ಯ

"ಗುರುಗಳೇ, ಒಂದು ಮಾತನ್ನು ಸಾವಿರಾರು ವಿದ್ವಾಂಸರು ತಮ್ಮ ಬರಹಗಳಲ್ಲಿ ಉಲ್ಲೇಖಿಸಿದ ಮೇಲೆ ಅದನ್ನು ಮತ್ತೆ ಪರೀಕ್ಷಿಸಬೇಕೆ?" ಎಂದು ನರವಿಜ್ಞಾನ ಕಲಿಯುತ್ತಿದ್ದ ಶಿಷ್ಯ ಕೇಳಿದ.

ಗುರುಗಳು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ವಿಜ್ಞಾನಿ ಇದ್ದಳು. ಮಾತು ಕಳೆದುಕೊಂಡವರ ಮಿದುಳಿನಿಂದಲೇ ಮಾತನ್ನು ಹೊರತೆಗೆಯುವ ಯಂತ್ರವನ್ನು ಕಟ್ಟುವುದರಲ್ಲಿ ಅವಳು ಹನ್ನೆರಡು ವರ್ಷ ಕಳೆದಿದ್ದಳು. ಅವಳ ಬಳಿಗೆ ಒಬ್ಬ ಅಂಬಿಗನನ್ನು ಕರೆತಂದರು. ಮಿದುಳಿನಲ್ಲಿ ರಕ್ತಸ್ರಾವವಾಗಿ ಅವನ ಮೈಯೆಲ್ಲ ಮರಗಟ್ಟಿತ್ತು. ನಾಲಗೆ ಏಳುತ್ತಿರಲಿಲ್ಲ, ರೆಪ್ಪೆಯೂ ಆಡುತ್ತಿರಲಿಲ್ಲ. ಆದರೆ ಒಳಗೆ ಎಚ್ಚರವಿತ್ತು. ಕೇಳಿಸುತ್ತಿತ್ತು, ನೋವು ತಿಳಿಯುತ್ತಿತ್ತು.

ಅವಳು ಅವನ ತಲೆಬುರುಡೆ ತೆರೆದು, ಮಿದುಳಿನ ಸಂಕೇತ ಹಿಡಿಯುವ ಉಗುರಿನಷ್ಟು ಅಗಲದ ಒಂದು ತಗಡನ್ನು ಒಳಗಿಟ್ಟಳು. ಅಲ್ಲಿಂದ ಯಂತ್ರಕ್ಕೆ ಒಂದು ತಂತಿ ಎಳೆದಳು. ಬಂದ ಸಂಕೇತ ತೀರಾ ಕ್ಷೀಣವಾಗಿತ್ತು. ಸಂಕೇತ ಸ್ಪಷ್ಟವಿಲ್ಲದ ಕಡೆ ಜನ ಸಾಮಾನ್ಯವಾಗಿ ಆಡುವ ಮಾತನ್ನು ಊಹಿಸಿ ತುಂಬಿಕೊಳ್ಳುವಂತೆ ಅವಳು ಯಂತ್ರಕ್ಕೆ ಕಲಿಸಿದಳು.

ಏಳನೆಯ ತಿಂಗಳಲ್ಲಿ ಯಂತ್ರ ಮಾತಾಡಿತು. "ನಾನು ಚೆನ್ನಾಗಿದ್ದೇನೆ" ಎಂದಿತು.

ವಿಜ್ಞಾನಿಯ ಕಣ್ಣು ತುಂಬಿ ಬಂತು. ಅಲ್ಲೇ ನಿಂತಿದ್ದ ಅಂಬಿಗನ ಹೆಂಡತಿಯ ಮುಖ ಮಾತ್ರ ಅರಳಲಿಲ್ಲ.

"ಅಮ್ಮಾ, ಇವರು ಚೆನ್ನಾಗಿದ್ದೇನೆ ಅನ್ನೋ ಮನುಷ್ಯರೇ ಅಲ್ಲ. ಕಾಲಿಗೆ ಒಂದು ಮುಳ್ಳು ಚುಚ್ಚಿದರೆ ಆಚೆ ದಡಕ್ಕೆ ಕೇಳೋ ಹಾಗೆ ಬೈಯೋರು" ಎಂದಳು.

"ಕಾಯಿಲೆ ಮನುಷ್ಯರನ್ನು ಬದಲಿಸುತ್ತದೆ" ಎಂದಳು ವಿಜ್ಞಾನಿ.

ಅವಳು ಲೇಖನ ಬರೆದಳು. ಅಂಬಿಗನ ಆ ವಾಕ್ಯ ಲೇಖನದ ಮೊದಲ ಸಾಲಾಯಿತು. ಒಂದೇ ವರ್ಷದಲ್ಲಿ ನಾಲ್ಕು ಸಾವಿರ ಲೇಖನಗಳು ಅದನ್ನು ಉಲ್ಲೇಖಿಸಿದವು. ಅವಳು ಬೆಳಿಗ್ಗೆ ಎದ್ದ ಕೂಡಲೇ ಆ ಸಂಖ್ಯೆಯನ್ನು ನೋಡುತ್ತಿದ್ದಳು.

ಮಲಗಿದಲ್ಲೇ ಮೈ ಹುಣ್ಣಾಗದಿರಲೆಂದು ಅಂಬಿಗನನ್ನು ದಿನಕ್ಕೆ ಹತ್ತಾರು ಸಲ ಮಗ್ಗುಲಿಗೆ ಹೊರಳಿಸಬೇಕಾಗಿತ್ತು. ಹೊರಳಿಸಿದಾಗಲೆಲ್ಲ ತಂತಿ ಅಲುಗಿ ಸಂಕೇತ ಕೆಡುತ್ತಿತ್ತು. ಹೊರಳಿಸಬೇಕೆ ಎಂದು ಅವಳು ಅವನನ್ನೇ ಕೇಳಿದಳು. "ನಾನು ಚೆನ್ನಾಗಿದ್ದೇನೆ" ಎಂದಿತು ಯಂತ್ರ. ಹೊರಳಿಸುವುದು ಕಡಿಮೆಯಾಗುತ್ತ ಬಂತು. ಒಮ್ಮೊಮ್ಮೆ ಅವನ ಕಣ್ಣಿನಿಂದ ನೀರು ಸುರಿಯುತ್ತಿತ್ತು. ಆಗಲೂ ಕೇಳಿದರು. ಅದೇ ಉತ್ತರ ಬಂತು.

ಒಂದು ಮಧ್ಯಾಹ್ನ ವಿಜ್ಞಾನಿ ಕೋಣೆಗೆ ಬಂದಾಗ ಹೆಂಡತಿ ಗಂಡನ ತಲೆ ಒರೆಸುತ್ತಿದ್ದಳು. ಒದ್ದೆಯಾಗದಿರಲಿ ಎಂದು ತಂತಿಯನ್ನು ಬಿಚ್ಚಿದ್ದಳು. ಅದರ ತುದಿ ನೆಲದ ಮೇಲೆ ಬಿದ್ದಿತ್ತು.

"ಹೇಗಿದ್ದೀಯಪ್ಪ?" ಎಂದು ವಿಜ್ಞಾನಿ ರೂಢಿಯಂತೆ ಕೇಳಿದಳು.

"ನಾನು ಚೆನ್ನಾಗಿದ್ದೇನೆ."

ಹೆಂಡತಿಯ ಕೈ ನಿಂತಿತು. ನೆಲದ ಮೇಲಿನ ತಂತಿಯನ್ನು ನೋಡಿದಳು, ಆಮೇಲೆ ವಿಜ್ಞಾನಿಯನ್ನು ನೋಡಿದಳು. "ಅಮ್ಮಾ, ಈಗ ಮಾತಾಡಿದ್ದು ಯಾರು?"

ವಿಜ್ಞಾನಿ ಹಾಸಿಗೆಯ ಬಳಿಗೆ ಬಂದಳು. ಇಬ್ಬರೂ ಸೇರಿ ಅವನನ್ನು ಹೊರಳಿಸಿದರು. ಬೆನ್ನು ಕೊಳೆತು ಮೂಳೆ ಕಾಣುತ್ತಿತ್ತು. ಯಂತ್ರ ಇನ್ನೊಮ್ಮೆ ಅದೇ ಮಾತನ್ನು ಹೇಳಿತು. ವಿಜ್ಞಾನಿ ಯಂತ್ರವನ್ನು ನಿಲ್ಲಿಸಿದಳು.

ಅಂಬಿಗ ಇನ್ನು ಹತ್ತೊಂಬತ್ತು ದಿನವಷ್ಟೇ ಬದುಕಿದ. ಅಷ್ಟು ದಿನವೂ ವಿಜ್ಞಾನಿ ಅವನ ಪಕ್ಕದಲ್ಲಿ ಕುಳಿತು, ಎಲ್ಲಿ ನೋವು, ಏನು ಬೇಕು ಎಂದು ಕೇಳುತ್ತಲೇ ಇದ್ದಳು. ಕೋಣೆಯಲ್ಲಿ ಒಂದು ಸದ್ದೂ ಇರಲಿಲ್ಲ.

ಆಮೇಲೆ ಅವಳು ತನ್ನ ಲೇಖನ ತಪ್ಪೆಂದು, ಯಂತ್ರ ಆಡಿದ್ದು ಅಂಬಿಗನ ಮಾತಲ್ಲವೆಂದು ಬರೆದು ಪ್ರಕಟಿಸಿದಳು. ಎರಡು ವರ್ಷ ಕಾದಳು. ಹಳೆಯ ಲೇಖನದ ಉಲ್ಲೇಖಗಳು ಒಂಬತ್ತು ಸಾವಿರ ದಾಟಿದವು. ತಪ್ಪೊಪ್ಪಿಗೆಯನ್ನು ಮೂವರು ಉಲ್ಲೇಖಿಸಿದ್ದರು. ಅವರಲ್ಲಿ ಇಬ್ಬರು ಅದನ್ನು ಓದದೆ, ಹಳೆಯ ಲೇಖನಕ್ಕೆ ಇನ್ನೊಂದು ಸಾಕ್ಷಿಯೆಂದು ಸೇರಿಸಿಕೊಂಡಿದ್ದರು.

ದೂರದ ಒಂದು ಊರಿನ ಆಸ್ಪತ್ರೆಯವರು ಅವಳನ್ನು ಸನ್ಮಾನಕ್ಕೆ ಕರೆದರು. ಅವಳು ಹೋದದ್ದು ಸನ್ಮಾನಕ್ಕಲ್ಲ, ಹೇಳಬೇಕಾದದ್ದನ್ನು ಎದುರಿಗೇ ಹೇಳಿಬಿಡಬೇಕೆಂದು. ಅಲ್ಲಿನ ಮುಖ್ಯಸ್ಥ ಅವಳನ್ನು ಒಂದು ಉದ್ದನೆಯ ಕೋಣೆಗೆ ಕರೆದೊಯ್ದ. ಆರು ಹಾಸಿಗೆಗಳು, ಆರು ಜನ, ಆರು ಯಂತ್ರಗಳು.

"ಎಲ್ಲವೂ ನಿಮ್ಮ ಲೇಖನದಲ್ಲಿ ಬರೆದ ಹಾಗೇ ಮಾಡಿದ್ದೇವೆ" ಎಂದ.

"ತಂತಿಗಳನ್ನು ಬಿಚ್ಚಿಸಿ. ಇವರನ್ನು ಹೊರಳಿಸಿ ನೋಡಬೇಕು" ಎಂದಳು ಅವಳು.

ಅವನು ನಕ್ಕ. "ನಮ್ಮನ್ನೇಕೆ ಕೇಳುತ್ತೀರಿ? ಅವರನ್ನೇ ಕೇಳಿ."

ಅವಳು ಕೇಳಲಿಲ್ಲ. ಆದರೆ ಅವಳ ದನಿಗೆ ಯಂತ್ರಗಳು ಆಗಲೇ ಎಚ್ಚೆತ್ತಿದ್ದವು. ಒಂದಾದ ಮೇಲೊಂದು ಆರೂ ಹಾಸಿಗೆಗಳಿಂದ ಒಂದೇ ವಾಕ್ಯ ಬಂತು. ಅವಳು ಮೊದಲ ಹಾಸಿಗೆಯ ಪಕ್ಕ ಮಂಡಿಯೂರಿ, ಮಲಗಿದ್ದವನ ಬೆನ್ನಿನಡಿಗೆ ಕೈ ತೂರಿಸಿದಳು. ಕೈ ಒದ್ದೆಯಾಯಿತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ: "ಇಷ್ಟಾದ ಮೇಲೂ ಆ ಲೇಖನವನ್ನು ಯಾರಾದರೂ ಉಲ್ಲೇಖಿಸುತ್ತಾರೆಯೇ, ಗುರುಗಳೇ?"

"ನೀನು ನಿನ್ನೆ ನನಗೆ ಕೊಟ್ಟ ಪ್ರಬಂಧದ ಮೂರನೆಯ ಪುಟ ತೆಗೆದು ಓದು" ಎಂದರು ಗುರುಗಳು.